ಬಸ್ಸು ಬರುವವರೆಗೆ ಒಂದು ಅಧ್ಯಾಯ

ಹೋದ ವಾರ ನಮ್ಮ ಹಳೇಬೀಡಿನ ಶಾಲೆಗೆ ಶಿಕ್ಷಕರು ಓದಲೆಂದು ಇಲಾಖೆ ಕಳಿಸಿದ ಪುಸ್ತಕಗಳ ಕಟ್ಟೊಂದು ಬಂತು. ಹುರಿ ಬಿಚ್ಚಿ ಕಾಗದ ಹರಿದ ಕೂಡಲೇ ಹೊಸ ಪುಸ್ತಕದ ವಾಸನೆ ಕೋಣೆಯ ತುಂಬ ಹರಡಿತು. ಎಲ್ಲರಿಗೂ ಇಷ್ಟವಾಗುವ ವಾಸನೆ ಅದು. ನಾನು ಮಾತ್ರ ಎದ್ದು ಕಿಟಕಿ ತೆರೆದೆ. ಹೊಸದಾಗಿ ಕೆಲಸಕ್ಕೆ ಸೇರಿರುವ ಆಶಾ ಎಂಬ ಹುಡುಗಿ ಒಂದು ಪುಸ್ತಕ ಎತ್ತಿಕೊಂಡು ಹೋದಳು. ಎರಡೇ ದಿನಕ್ಕೆ ಕಣ್ಣರಳಿಸಿಕೊಂಡು ಬಂದು, "ಮೇಡಂ, ನಮ್ಮ ಮೂರನೇ ಕ್ಲಾಸಿನ ಮಗೂಗೆ ಇದ್ರಲ್ಲಿ ಬರ್ದಿರೋ ತೊಂದರೇನೇ ಇರೋದು. ಪಕ್ಕಾ. ಇವತ್ತೇ ಅವರಮ್ಮನಿಗೆ ಹೇಳ್ಬಿಡ್ತೀನಿ" ಎಂದಳು.

"ಪುಸ್ತಕ ಎಷ್ಟು ಓದಿದೀಯ?" ಎಂದೆ.

"ಈ ಅಧ್ಯಾಯ ಮುಗೀತು."

"ಪೂರ್ತಿ ಮುಗಿಸೋ ತನಕ ಆ ಮಗುವಿನ ಮನೆ ಕಡೆ ತಲೆ ಹಾಕಿಯೂ ಮಲಗಬೇಡ" ಎಂದು ಗದರಿಬಿಟ್ಟೆ. ನನ್ನ ಬಾಯಿ ಮೊದಲಿಂದಲೂ ಹೀಗೆಯೇ, ಮೊದಲು ಹೊಡೆದು ಆಮೇಲೆ ಸವರುವ ಜಾತಿ. ಪಾಪ, ಹುಡುಗಿಯ ಮುಖ ಸಣ್ಣದಾಯಿತು. ಓದುವ ಟೀಚರನ್ನು ಬಯ್ಯುವ ಹೆಡ್‌ಮಿಸ್ಸು ಇನ್ನೆಲ್ಲಿ ಸಿಗಬೇಕು ಎಂದುಕೊಂಡಿರುತ್ತಾಳೆ. ಯಾಕೆ ಬೈದೆ ಎಂದು ಅವಳಿಗೆ ಹೇಳಬೇಕಾದರೆ ನಾನು ಬಿಕ್ಕೋಡಿನಾಚೆಯ ಒಂದು ವರ್ಷವನ್ನು ಪೂರ್ತಿ ಹೇಳಬೇಕು. ಅದನ್ನು ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅರಸೀಕೆರೆಯವಳು. ಅಪ್ಪನದು ಕೊಬ್ಬರಿ ವ್ಯಾಪಾರ. ಮನೆಯ ಅಟ್ಟದ ತುಂಬ ಕೊಬ್ಬರಿ, ಮೈಗೆ ಬಟ್ಟೆಗೆ ಅದರದೇ ಜಿಡ್ಡು, ಊರಿನ ತುಂಬ ಒಣ ಗಾಳಿ. ಅಂಥಲ್ಲಿಂದ ನನ್ನನ್ನು ಸರ್ಕಾರ ಎತ್ತಿಕೊಂಡು ಹೋಗಿ ಹಾಕಿದ್ದು ಬಿಕ್ಕೋಡಿನಿಂದಲೂ ಆಚೆ, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಶಾಲೆಗೆ. ಬೇಲೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಜೂನ್ ಬಂತೆಂದರೆ ಮಕ್ಕಳು ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಬರುತ್ತಿದ್ದರು. ಹಾಜರಿ ಕರೆದರೆ ನನ್ನ ದನಿ ನನಗೇ ಕೇಳದಂತೆ ಹೆಂಚಿನ ಮೇಲೆ ಮಳೆ. ಮೊದಲ ಎರಡು ವರ್ಷ ನಾನು ಆ ಊರನ್ನು ಬೈದುಕೊಂಡೇ ಕಳೆದೆ. ವರ್ಗಾವಣೆಯ ಅರ್ಜಿ ತುಂಬುವುದೊಂದೇ ಆಗ ನಾನು ಮನಸ್ಸಿಟ್ಟು ಮಾಡುತ್ತಿದ್ದ ಬರವಣಿಗೆ.

ಶಾಲೆಯಲ್ಲಿ ಇದ್ದದ್ದು ಮೂರೇ ಜನ. ಹೆಡ್‌ಮಿಸ್ಸು ವಿಶಾಲಾಕ್ಷಮ್ಮ, ನಿವೃತ್ತಿಗೆ ಇನ್ನು ನಾಲ್ಕೈದು ವರ್ಷ ಉಳಿದಿದ್ದವರು. ಪರಮೇಶಪ್ಪ ಮೇಷ್ಟ್ರು, ಒಳ್ಳೆಯ ಮನುಷ್ಯರು, ಊಟವಾದ ಮೇಲೆ ಕೂತಲ್ಲೇ ಕಣ್ಣು ಮುಚ್ಚುವವರು. ಮೂರನೆಯವಳು ನಾನು. ಸ್ಟಾಫ್ ರೂಮು ಎಂಬ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು. ಅದರೊಳಗೆ ವರ್ಷ ವರ್ಷವೂ ಬಂದ ಶಿಕ್ಷಕರ ಪುಸ್ತಕಗಳು. ಎಲ್ಲ ಶಾಲೆಗಳಲ್ಲೂ ಇಂಥ ಬೀರು ಇರುತ್ತದೆ, ತಪಾಸಣೆಯ ದಿನ ಪುಸ್ತಕ ಕಡಿಮೆ ಬಂದರೆ ಯಾರು ಉತ್ತರ ಕೊಡುವುದೆಂದು ಅದಕ್ಕೆ ಸದಾ ಬೀಗ ಇರುತ್ತದೆ. ನಮ್ಮ ಶಾಲೆಯಲ್ಲಿ ಮಾತ್ರ ಅದು ಶನಿವಾರ ತೆರೆಯುತ್ತಿತ್ತು.

ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಮಕ್ಕಳು ಮನೆಗೆ. ಬೇಲೂರಿಗೆ ಬಸ್ಸು ಬರುವುದು ಒಂದೂಕಾಲಿಗೆ. ನಡುವಿನ ಹೊತ್ತಿನಲ್ಲಿ ವಿಶಾಲಾಕ್ಷಮ್ಮ ಬೀಗ ತೆಗೆದು ಒಂದು ಪುಸ್ತಕ ಮೇಜಿನ ಮೇಲಿಡುತ್ತಿದ್ದರು. "ಬಸ್ಸು ಬರೋ ತನಕ ಒಂದು ಅಧ್ಯಾಯ" ಎನ್ನುವರು. ಅದಕ್ಕೆ ಅವರದೇ ಕಟ್ಟಳೆಗಳಿದ್ದವು. ಒಂದು ವಾರಕ್ಕೆ ಒಂದೇ ಅಧ್ಯಾಯ. ಸರದಿಯಂತೆ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದಿಬ್ಬರು ತಕರಾರು ತೆಗೆಯಬೇಕು. ಓದಿದ್ದರಲ್ಲಿ ಒಂದನ್ನಾದರೂ ಆ ವಾರ ಕ್ಲಾಸಿನಲ್ಲಿ ಮಾಡಿ ನೋಡಿ ಮುಂದಿನ ಶನಿವಾರ ಹೇಳಬೇಕು. ಪುಸ್ತಕ ಯಾರೂ ಮನೆಗೆ ಒಯ್ಯುವ ಹಾಗಿಲ್ಲ.

"ಅದ್ಯಾಕೆ ಮೇಡಂ, ನಾನೇನು ಹರಿದು ಹಾಕ್ತೀನಾ?" ಎಂದು ಒಮ್ಮೆ ಸಿಡುಕಿದ್ದೆ.

"ಹರಿದ್ರೆ ಅಂಟಿಸಬಹುದು ಕಣೇ. ಒಬ್ಬಳೇ ಕೂತು ಓದಿದ್ರೆ ಅದು ಹೇಳಿದ್ದನ್ನೆಲ್ಲ ಒಪ್ಕೊಂಡ್ಬಿಡ್ತೀಯ. ಮೂರು ಜನ ಕೂತ್ರೆ ಜಗಳ ಆಡ್ತೀವಿ" ಎಂದರು ವಿಶಾಲಾಕ್ಷಮ್ಮ.

ಮೊದಮೊದಲು ಆ ಶನಿವಾರಗಳು ನನಗೆ ಶಿಕ್ಷೆಯೇ. ಕೆಲಸಕ್ಕೆ ಸೇರುವಾಗ ಓದಿದ್ದೇ ಕೊನೆ, ಇನ್ನೇನಿದ್ದರೂ ಓದಿಸುವುದು ಮಾತ್ರ ಎಂದುಕೊಂಡಿದ್ದವಳು ನಾನು. ಕಿಟಕಿಯಾಚೆ ನೋಡುತ್ತಾ ಹೂಂಗುಟ್ಟುತ್ತಿದ್ದೆ. ಮೂರನೆಯ ವರ್ಷದ ಆಷಾಢದಲ್ಲಿ ಅದು ಬದಲಾಯಿತು. ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪುಗಳ ಬಗ್ಗೆ ಒಂದು ಅಧ್ಯಾಯ ಬಂತು. ತಪ್ಪಿಗೂ ಒಂದು ತರ್ಕವಿರುತ್ತದೆ, ಮಗುವನ್ನೇ ಕೇಳಿ ಎಂಬುದು ಅದರ ಸಾರಾಂಶ. ನನ್ನ ನಾಲ್ಕನೇ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಇನ್ನೂರ ಐದು ಬರಿ ಎಂದರೆ 2005 ಬರೆಯುತ್ತಿದ್ದರು. ಎರಡು ವರ್ಷದಿಂದ ಕಿವಿ ಹಿಂಡಿದ್ದೆ. ಆ ಸೋಮವಾರ ಕಿವಿ ಬಿಟ್ಟು, ಯಾಕೆ ಹೀಗೆ ಬರೆದೆ ಎಂದು ಕೇಳಿದೆ. "ಇನ್ನೂರು ಬರ್ದೆ ಟೀಚರ್, ಆಮೇಲೆ ಐದು ಬರ್ದೆ. ನೀವು ಹಂಗೇ ತಾನೆ ಹೇಳಿದ್ದು?" ಎಂದಿತು ಒಂದು ಮಗು. ಎರಡು ವರ್ಷ ಆ ಮಕ್ಕಳು ನಾನು ಹೇಳಿದ್ದನ್ನೇ ಬರೆದು ನನ್ನ ಕೈಲಿ ಕಿವಿ ಹಿಂಡಿಸಿಕೊಂಡಿದ್ದರು.

ಅಂದಿನಿಂದ ನನಗೆ ಪುಸ್ತಕದ ಹುಚ್ಚು ಹಿಡಿಯಿತು. ಶನಿವಾರಕ್ಕೆ ಕಾಯತೊಡಗಿದೆ. ಕ್ಲಾಸಿನಲ್ಲಿ ಕೋಲು ಮೂಲೆ ಸೇರಿತು. ಮಕ್ಕಳು ಮಾತಾಡಿದರೆ ಗಲಾಟೆ ಎನಿಸುತ್ತಿದ್ದುದು ಈಗ ಕೇಳಬೇಕಾದ ವಿಷಯ ಎನಿಸತೊಡಗಿತು. ವರ್ಗಾವಣೆಯ ಅರ್ಜಿ ಆ ವರ್ಷ ತುಂಬಲೇ ಇಲ್ಲ. "ಏನ್ರೀ ಮೇಷ್ಟ್ರೇ, ನಮ್ಮ ಅರಸೀಕೆರೆ ಕೊಬ್ಬರಿಗೆ ಈಗ ಎಣ್ಣೆ ಬರ್ತಾ ಇದೆ" ಎಂದು ವಿಶಾಲಾಕ್ಷಮ್ಮ ನನ್ನನ್ನು ಪರಮೇಶಪ್ಪನವರ ಮುಂದೆ ಛೇಡಿಸಿದರು. ನಾನು ಉಬ್ಬಿಹೋದೆ. ಆ ಉಬ್ಬೇ ನನಗೆ ಮುಳುವಾಯಿತು ಎಂದು ಈಗ ಗೊತ್ತಾಗುತ್ತದೆ.

ಆ ಕ್ಲಾಸಿನಲ್ಲಿ ಚೆಲುವಿ ಎಂಬ ಹುಡುಗಿಯಿದ್ದಳು. ಒಂಬತ್ತು ತುಂಬಿ ಹತ್ತು. ಅವಳ ತಾಯಿ ನಿಂಗಮ್ಮ ತೋಟದ ಆಳು, ತಂದೆ ಇಲ್ಲ, ತಾಯಿ ಮಗಳಿಬ್ಬರೇ ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿದ್ದರು. ಚೆಲುವಿಗೆ ಓದಲು ಬರುತ್ತಿರಲಿಲ್ಲ. ಉಳಿದದ್ದೆಲ್ಲ ಬರುತ್ತಿತ್ತು. ಒಮ್ಮೆ ಕೇಳಿದ ಪದ್ಯವನ್ನು ಎರಡನೆಯ ಸಲ ತಾನೇ ಹೇಳುವಳು. ಮಗ್ಗಿಯಲ್ಲಿ ಅವಳನ್ನು ಯಾರೂ ಮೀರಿಸುತ್ತಿರಲಿಲ್ಲ. ಶಾಲೆಗೆ ಬಂದವರ ಹೆಸರು, ಊರು, ಉಟ್ಟ ಸೀರೆಯ ಬಣ್ಣ, ಎಲ್ಲ ನೆನಪು. ಆದರೆ ಪಾಠದ ಪುಸ್ತಕ ಕೈಗೆ ಬಂದರೆ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು, ಹುಬ್ಬು ಗಂಟಿಕ್ಕಿ, ಪುಸ್ತಕವನ್ನು ತೋಳುದ್ದ ದೂರಕ್ಕೆ ಚಾಚಿ ಹಿಡಿದು ನಿಲ್ಲುತ್ತಿದ್ದಳು.

"ಪುಸ್ತಕ ಏನು ಹಾವೇನೇ, ಅಷ್ಟು ದೂರ ಹಿಡ್ಕೊಳ್ಳೋಕೆ?" ಎಂದು ನಾನು ಬೈದಿದ್ದೆ. ಕ್ಲಾಸು ನಕ್ಕಿತ್ತು. ಅವಳೂ ನಕ್ಕಿದ್ದಳು. ಎರಡು ವರ್ಷ ನಾನವಳನ್ನು ಏನೇನೆಂದು ಬೈದೆನೋ ನೆನೆಸಿಕೊಂಡರೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಎಷ್ಟು ಬೈದರೂ ಮಾರನೆಯ ದಿನ ಮೊದಲು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವಳು ಅವಳೇ. ಕಪ್ಪುಹಲಗೆ ಒರೆಸುವುದು ಅವಳ ಕೆಲಸವೆಂದು ತಾನೇ ತೀರ್ಮಾನಿಸಿಕೊಂಡಿದ್ದಳು. ಸಂಜೆ ನಾನು ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತು, ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ಅದರ ನೆತ್ತಿಯ ಬೋರ್ಡು ನೋಡಿ "ಬೇ... ಲೂ... ರು" ಎಂದು ಕೂಗುವಳು. ಇರುವುದೇ ಒಂದು ಬಸ್ಸು, ಬಾಯಿಪಾಠ ಒಪ್ಪಿಸುತ್ತಾಳೆ ಎಂದುಕೊಂಡು ನಾನು ಹತ್ತಿ ಕೂರುತ್ತಿದ್ದೆ.

ದಸರಾ ರಜೆ ಮುಗಿದು ಶಾಲೆ ಶುರುವಾಯಿತು. ಮಳೆ ಹಿಂದೆಗೆದು ಬೆಳಗಿನ ಮಂಜು ಇಳಿಯತೊಡಗಿತು. ತೋಟದಲ್ಲಿ ಕಾಫಿ ಹಣ್ಣು ಕೆಂಪಾಗುತ್ತಿತ್ತು. ಆಗ ವಿಶಾಲಾಕ್ಷಮ್ಮನವರ ಮಗಳ ಬಾಣಂತನ ಬಂತು. ದೊಡ್ಡ ರಜೆ ಹಾಕಿ, ಶಾಲೆಯ ಪ್ರಭಾರವನ್ನು ನನಗೆ ವಹಿಸಿ, ಬೀಗದ ಕೈಗಳನ್ನೂ ಕೊಟ್ಟು ಹೋದರು. ಹೊಸ ಪುಸ್ತಕವೊಂದನ್ನು ಆಗಷ್ಟೇ ಶುರು ಮಾಡಿದ್ದೆವು. ಓದಲು ಬಾರದ ಮಕ್ಕಳ ಬಗ್ಗೆ ಬರೆದ ಪುಸ್ತಕ. ಪರಮೇಶಪ್ಪನವರು "ಮೇಡಮ್ಮೋರು ಬರ್ಲಿ ಬಿಡಿ, ಅವ್ರಿಲ್ದೆ ಜಗಳಕ್ಕೆ ಕಳೆ ಇಲ್ಲ" ಎಂದು ಶನಿವಾರ ಸೈಕಲ್ ಹತ್ತಿ ಮನೆಗೆ ಹೋದರು. ನನಗೆ ತಡೆಯಲಾಗಲಿಲ್ಲ. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಬೇಲೂರಿಗೆ ತಂದೆ.

ಆ ಮಧ್ಯಾಹ್ನ ಊಟ ಬಿಟ್ಟು ಓದಿದೆ. ಆ ಅಧ್ಯಾಯದಲ್ಲಿ ಚೆಲುವಿಯಿದ್ದಳು. ಬುದ್ಧಿ ಚುರುಕು, ನೆನಪು ಚುರುಕು, ಆದರೆ ಓದಲಾರದ ಮಗು. ಅಕ್ಷರಗಳು ಅಲುಗಾಡುತ್ತವೆ, ಒಂದರ ಮೇಲೊಂದು ಬೀಳುತ್ತವೆ ಎನ್ನುವ ಮಗು. ಓದಲು ಕೂತರೆ ತಲೆನೋವು ಎನ್ನುವ ಮಗು. "ಅಕ್ಸರ ಎಲ್ಲ ಓಡಾಡ್ತವೆ ಟೀಚರ್" ಎಂದು ಚೆಲುವಿ ಎಷ್ಟು ಸಲ ಹೇಳಿರಲಿಲ್ಲ, ನಾನು ಎಷ್ಟು ಸಲ ನೆಪ ತೆಗೀಬೇಡ ಎಂದು ಗದರಿರಲಿಲ್ಲ! ಇದು ಸೋಮಾರಿತನವಲ್ಲ, ಮಿದುಳು ಅಕ್ಷರವನ್ನು ಗುರುತಿಸುವ ಬಗೆಯಲ್ಲೇ ಇರುವ ವ್ಯತ್ಯಾಸ, ಇದರಲ್ಲಿ ಮಗುವಿನ ತಪ್ಪಿಲ್ಲ, ತಾಯ್ತಂದೆಯರಿಗೆ ಇದನ್ನು ತಿಳಿಸಿ ಹೇಳಬೇಕು ಎಂದು ಆ ಅಧ್ಯಾಯ ಮುಗಿಯುತ್ತಿತ್ತು. ನಾನು ಅತ್ತೆ. ಪಶ್ಚಾತ್ತಾಪವೂ ಹೌದು, ಕಂಡುಹಿಡಿದೆನಲ್ಲ ಎಂಬ ಖುಷಿಯೂ ಹೌದು. ಪುಟದ ಮೂಲೆ ಮಡಿಸಿ ಪುಸ್ತಕ ಮುಚ್ಚಿದೆ. ವಾರಕ್ಕೆ ಒಂದೇ ಅಧ್ಯಾಯ ತಾನೆ? ವಿಶಾಲಾಕ್ಷಮ್ಮನವರ ಕಟ್ಟಳೆಗಳಲ್ಲಿ ಮುರಿಯಬಹುದಾದದ್ದನ್ನು ಪಾಲಿಸಿದೆ, ಪಾಲಿಸಬೇಕಾಗಿದ್ದನ್ನು ಮುರಿದೆ.

ಮಾರನೆಯ ದಿನ ಭಾನುವಾರವೇ ಬಸ್ಸು ಹತ್ತಿ ಲೈನ್ ಮನೆಗೆ ಹೋದೆ. ನಿಂಗಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದಳು. ಚೆಲುವಿ ಒಳಗಿನಿಂದ ಚಾಪೆ ತಂದು ಹಾಸಿದಳು.

"ಏನ್ ಮಾಡುದ್ಲು ಟೀಚರಮ್ಮ ನಮ್ಮುಡ್ಗಿ?"

"ಏನೂ ಮಾಡಿಲ್ಲ. ಒಳ್ಳೇ ಹುಡುಗಿ. ಅದನ್ನೇ ಹೇಳೋಕೆ ಬಂದೆ" ಎಂದೆ. ಆಮೇಲೆ ನನ್ನ ಜೀವಮಾನದಲ್ಲೇ ಯಾರ ಜೊತೆಯೂ ಮಾತಾಡಿರದಷ್ಟು ಮೃದುವಾಗಿ ವಿವರಿಸಿದೆ. ಇವಳು ದಡ್ಡಿಯಲ್ಲ. ಇವಳ ಮಿದುಳಿನಲ್ಲಿ ಅಕ್ಷರ ಓದುವ ಜಾಗ ನಮ್ಮ ಹಾಗೆ ಇಲ್ಲ. ಹುಟ್ಟಿನಿಂದಲೇ ಹಾಗೆ. ಯಾರ ತಪ್ಪೂ ಅಲ್ಲ. ಹಾಸನಕ್ಕೆ ಕರೆದುಕೊಂಡು ಹೋಗಿ ತೋರಿಸಿ ಸರ್ಟಿಫಿಕೇಟ್ ಮಾಡಿಸೋಣ. ಚೆಲುವಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ಕೇಳಿದ್ದನ್ನು ಮರೆಯದ ಹುಡುಗಿ ಅವಳು ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

"ಅಂಗಾರೆ ತಲೆ ಸರಿ ಇಲ್ವ ಇವ್ಳಿಗೆ?" ಎಂದಳು ನಿಂಗಮ್ಮ.

"ಹಾಗಲ್ಲಮ್ಮ, ತಲೆ ಚೆನ್ನಾಗೇ ಇದೆ. ಓದೋ ಜಾಗ ಮಾತ್ರ."

ನಿಂಗಮ್ಮ ಮೊರದ ಕಡೆ ನೋಡಿದಳು. "ಅದೇ ಅನ್ಕಂತಿದ್ದೆ. ಅಕ್ಕಿ ಆರ್ಸು ಅಂದ್ರೆ ಕಲ್ಲೆಲ್ಲ ಬುಟ್ಬುಡ್ತಾಳೆ. ಸೂಜಿಗೆ ದಾರ ಪೋಣ್ಸಕ್ಕೆ ಬರಲ್ಲ. ನಾನೂ ಬಯ್ತಿದ್ದೆ ಕಣವ್ವ. ತಲೇಲೇ ಇಲ್ದಿದ್ ಮ್ಯಾಲೆ ಮಗ ಏನ್ ಮಾಡಾತು."

ನಾನು ತಲೆಯಾಡಿಸಿದೆ. ಹೌದು, ಇದೂ ಅದೇ ಲಕ್ಷಣ ಎಂದುಕೊಂಡೆ. ಒಂದು ಮಗು ಅಕ್ಕಿಯಲ್ಲಿ ಕಲ್ಲು ಕಾಣದೆ ಬಿಡುತ್ತದೆ ಎಂದು ತಾಯಿ ಬಾಯಿಬಿಟ್ಟು ಹೇಳುತ್ತಿದ್ದಾಳೆ, ನಾನು ಮಡಿಸಿಟ್ಟ ಪುಟವನ್ನು ನೆನೆಸಿಕೊಂಡು ತಲೆಯಾಡಿಸುತ್ತಿದ್ದೇನೆ. ಕೊಟ್ಟ ಕಾಫಿ ಕುಡಿದು, ಚೆಲುವಿಯ ತಲೆ ಸವರಿ, ಹಗುರ ಮನಸ್ಸಿನಿಂದ ಬಸ್ಸು ಹತ್ತಿದೆ. ಶಿಕ್ಷಕಿಯಾಗಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದು ಎಂದು ಅವತ್ತು ನಂಬಿದ್ದೆ.

ನನಗೆ ಬೇಕಾದದ್ದು ಸಿಕ್ಕಿತೆಂದು ಪುಸ್ತಕವನ್ನು ಮತ್ತೆ ಬೀರುವಿಗೆ ಸೇರಿಸಿದೆ. ಸೋಮವಾರದಿಂದ ನಾನು ಅವಳಿಗೆ ಹೊಸ ಟೀಚರಾದೆ. ಬೈಯಲಿಲ್ಲ. ಓದು ಎನ್ನಲೂ ಇಲ್ಲ. ಅವಳ ಸರದಿ ಬಂದಾಗ, "ಚೆಲುವಿಗೆ ಬೇಡ, ಅವಳು ಕೇಳಿಸಿಕೊಳ್ಳಲಿ" ಎಂದು ಮುಂದಿನವರಿಗೆ ಪುಸ್ತಕ ದಾಟಿಸುತ್ತಿದ್ದೆ. ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರನ್ನು ನನ್ನ ದುಂಡು ಅಕ್ಷರದಲ್ಲಿ ಬರೆದೆ. ಮಕ್ಕಳಿಗೆ ಇಂಥದ್ದೆಲ್ಲ ಗಾಳಿಯಲ್ಲೇ ಗೊತ್ತಾಗುತ್ತದೆ. ವಾರದೊಳಗೆ ಅವಳ ಬೆಂಚಿನವರು ಅವಳ ತಲೆ ಸರಿಯಿಲ್ಲವೆಂದು ಟೀಚರೇ ಹೇಳಿದ್ದಾರೆ ಎನ್ನತೊಡಗಿದರು. ನಾನು ಅವರನ್ನು ಗದರಿದೆ. ಚೆಲುವಿ ಕಪ್ಪುಹಲಗೆ ಒರೆಸಲು ಏಳುವುದನ್ನು ನಿಲ್ಲಿಸಿದಳು. ಡಿಸೆಂಬರ್ ಹೊತ್ತಿಗೆ ಶಾಲೆಗೆ ಬರುವುದನ್ನೂ ನಿಲ್ಲಿಸಿದಳು.

ಮತ್ತೆ ಲೈನ್ ಮನೆಗೆ ಹೋದೆ. ತಾಯಿ ಮಗಳು ಇಬ್ಬರೂ ತೋಟದಲ್ಲಿ ಹಣ್ಣು ಕೀಳುತ್ತಿದ್ದರು. ನಿಂಗಮ್ಮ ಸೊಂಟದ ಚೀಲ ಬಿಚ್ಚಿಟ್ಟು ದಾರಿಗೆ ಬಂದಳು. ಅವಳಿಗೆ ನನ್ನ ಮೇಲೆ ಕೋಪವೇ ಇರಲಿಲ್ಲ, ಗೌರವವಿತ್ತು.

"ಓದಕ್ಕಾಗಲ್ಲ ಅಂತ ನೀವೇ ಮನೆಗಂಟ ಬಂದು ಹೇಳುದ್ರಲ್ಲ ತಾಯಿ. ಇನ್ಯಾಕ್ ಕಳ್ಸಿ ಮಗೀಗೆ ಹಿಂಸೆ ಕೊಡ್ಲಿ? ಬ್ಯಾರೆ ಟೀಚರ್ ಆಗಿದ್ರೆ ಯಾರ್ ಹೇಳವ್ರು ಇಂಗೆ. ನಿಮ್ ಉಪ್ಕಾರ ಮರೆಯಲ್ಲ" ಎಂದಳು.

ನಾನು ಕಾನೂನು ಹೇಳಿದೆ, ಬಿಸಿಯೂಟ ಹೇಳಿದೆ, ಸರ್ಟಿಫಿಕೇಟ್ ಹೇಳಿದೆ. ಅವಳು ಎಲ್ಲದಕ್ಕೂ ಆಗಲಿ ತಾಯಿ ಎಂದಳು. ಚೆಲುವಿ ಗಿಡದ ಮರೆಯಿಂದ ಈಚೆಗೆ ಬರಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಖಂಡಿತ ಕಳಿಸುತ್ತೇನೆ ಎಂದು ನಿಂಗಮ್ಮ ಮಾತು ಕೊಟ್ಟಳು. ಆ ಮಾತನ್ನು ನಂಬಿಕೊಂಡು ವಾಪಸು ಬಂದೆ.

ವಿಶಾಲಾಕ್ಷಮ್ಮ ರಜೆ ಮುಗಿಸಿ ಬಂದದ್ದು ಸಂಕ್ರಾಂತಿಯ ಮಾರನೆಯ ದಿನ. ನಾನು ಚೆಲುವಿಯ ಕಥೆಯನ್ನು ಒಂದು ಸಾಧನೆಯೆಂಬಂತೆ ಒಪ್ಪಿಸಿದೆ. ಅವರು ಪುಸ್ತಕ ಮನೆಗೆ ಒಯ್ದದ್ದಕ್ಕೆ ಬೈಯಲಿಲ್ಲ, "ಹೂಂ" ಎಂದರು ಅಷ್ಟೇ. ಆ ಶನಿವಾರ ಮೂವರೂ ಕೂತೆವು. ಮುಂದಿನ ಅಧ್ಯಾಯ ಓದುವ ಸರದಿ ಪರಮೇಶಪ್ಪನವರದು. ಅವರು ಕನ್ನಡಕ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು ಓದತೊಡಗಿದರು. ಹಿಂದಿನ ಅಧ್ಯಾಯದ ಲಕ್ಷಣಗಳನ್ನು ಕಂಡ ಕೂಡಲೇ ತೀರ್ಮಾನಕ್ಕೆ ಬರಬಾರದು ಎಂದೇ ಅದು ಶುರುವಾಗುತ್ತಿತ್ತು. ಎಲ್ಲಕ್ಕಿಂತ ಮೊದಲು ಕಣ್ಣು ಕಿವಿ ಪರೀಕ್ಷೆಯಾಗಬೇಕು. ಹತ್ತಿರದ್ದು ಮಸುಕಾಗಿ ಕಾಣುವ ಮಗುವೂ ಅಕ್ಷರ ಅಲುಗಾಡುತ್ತದೆ ಎನ್ನುತ್ತದೆ, ತಲೆನೋವು ಎನ್ನುತ್ತದೆ. ಅಂಥ ಮಗು ಪುಸ್ತಕವನ್ನು ದೂರ ಹಿಡಿಯುತ್ತದೆ. ಅದಕ್ಕೆ ಬೇಕಾಗಿರುವುದು ಒಂದು ಕನ್ನಡಕ ಮಾತ್ರ.

ಪರಮೇಶಪ್ಪನವರು ಓದು ನಿಲ್ಲಿಸಿದರು. "ಅಲ್ಲ ಕಣ್ರೀ, ಆ ಚೆಲುವಿ ದೂರದಿಂದ ಬಸ್ಸಿನ ಬೋರ್ಡು ಓದ್ತಿದ್ಲಲ್ಲ? ಒಂದಿನ ಹಾಸನದ ಬಸ್ಸು ದಾರಿ ತಪ್ಪಿ ಈ ಕಡೆ ಬಂದಿತ್ತು. ಹಾಸನ ಅಂತ ಓದುದ್ಲು, ನಾನೇ ಕೇಳಿದೀನಿ."

ಮಳೆಗಾಲದಲ್ಲಿ ಆಸ್ಪತ್ರೆಯವರು ಮಕ್ಕಳ ಕಣ್ಣು ನೋಡಲು ಬಂದಿದ್ದಾಗ ಚೆಲುವಿ ರಜೆ ಹಾಕಿದ್ದಳು, ತಾಯಿಗೆ ಜ್ವರ ಎಂದು. ಆಮೇಲೆ ಯಾರಿಗೂ ನೆನಪಾಗಲಿಲ್ಲ. ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ತೋಟದ ದಾರಿ ಹಿಡಿದೆ. ಅರ್ಧ ಓಡಿದೆ, ಅರ್ಧ ನಡೆದೆ. ಲೈನ್ ಮನೆಯ ಬಾಗಿಲಿಗೆ ಬೇರೆ ಯಾರದೋ ಬಟ್ಟೆ ಒಣಗಿಹಾಕಿತ್ತು. ತೋಟದ ಲೆಕ್ಕ ಬರೆಯುವ ರೈಟರು ಹೇಳಿದರು, ಹಣ್ಣಿನ ಕೆಲಸ ಮುಗೀತು, ಹಬ್ಬದ ಹಿಂದಿನ ದಿನವೇ ಜೀಪಿನಲ್ಲಿ ಹೋದರು, ಮೂಡಿಗೆರೆ ಕಡೆ ಯಾವುದೋ ತೋಟ ಇರಬೇಕು. ಯಾವ ತೋಟ ಎಂದರೆ ಅವರಿಗೂ ಗೊತ್ತಿರಲಿಲ್ಲ. ಟಿಸಿ ಬೇಕೆಂದು ಯಾರೂ ಕೇಳಿ ಬಂದಿರಲಿಲ್ಲ. ಓದಲಾಗದ ಮಗುವಿಗೆ ಟಿಸಿ ಯಾಕೆ?

ವಾಪಸು ಬರುವ ಹೊತ್ತಿಗೆ ಒಂದೂಕಾಲಿನ ಬಸ್ಸು ಹೋಗಿಬಿಟ್ಟಿತ್ತು. ವಿಶಾಲಾಕ್ಷಮ್ಮ ಹೋಗದೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಅವರ ಪಕ್ಕ ಕೂತು ಮಗುವಿನ ಹಾಗೆ ಅತ್ತೆ. "ಇನ್ನು ಮೇಲೆ ಈ ಪುಸ್ತಕ ಮುಟ್ಟಲ್ಲ ಮೇಡಂ. ಏನೂ ಓದದೇ ಇದ್ದಿದ್ರೆ ಅವಳು ಇವತ್ತೂ ಬೆಂಚಲ್ಲಿ ಕೂತಿರ್ತಿದ್ಲು" ಎಂದೆ.

ಅವರು ಸಮಾಧಾನ ಮಾಡಲಿಲ್ಲ. "ಓದದೇ ಇದ್ದಾಗ ದಡ್ಡಿ ಅಂದೆ. ಓದಿದ ಮೇಲೆ ಕಾಯಿಲೆ ಅಂದೆ. ಎರಡೂ ಸಲ ಅವಳನ್ನ ಕೇಳ್ಲಿಲ್ಲ ಕಣೇ, ನಿಂಗೆ ಏನು ಕಾಣುತ್ತೆ ಅಂತ" ಎಂದರು. "ನಾನೂ ಕೇಳ್ಲಿಲ್ಲ. ನಾಲ್ಕು ವರ್ಷ ಕಣ್ಣೆದುರಿಗೇ ಇದ್ಲು" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಮುಂದಿನ ಶನಿವಾರ ಅವರೇ ಬೀರು ತೆಗೆದು, ಅದೇ ಪುಸ್ತಕವನ್ನು ನನ್ನ ಮುಂದಿಟ್ಟರು. ನನ್ನ ಸರದಿಯಾಗಿತ್ತು. ಎತ್ತಿಕೊಂಡು ಗಟ್ಟಿಯಾಗಿ ಓದಿದೆ.

ಅಂದಿನಿಂದ ಓದು ಬಿಟ್ಟಿಲ್ಲ. ಪುಸ್ತಕ ನನ್ನನ್ನು ಬದಲಿಸಿತೇ ಎಂದು ಕೇಳಿದರೆ ಹೌದು. ಆದರೆ ಸಭೆಗಳಲ್ಲಿ ಹೇಳುವಂಥ ಚಂದದ ಬದಲಾವಣೆಯಲ್ಲ ಅದು. ಒಂದು ಪುಟ ಓದಿದರೆ ಮಗುವಿನ ಮುಖವನ್ನು ಹತ್ತು ಸಲ ನೋಡುವ ಹೆದರಿಕೆ ನನ್ನೊಳಗೆ ಕೂತಿತು. ಅದೊಂದೇ ನಾನು ನಿಜವಾಗಿ ಕಲಿತದ್ದು. ಕಲಿಸಿದವಳು ಮಾತ್ರ ನನ್ನ ಹಾಜರಿ ಪುಸ್ತಕದಲ್ಲಿ ಇರಲಿಲ್ಲ.

ಆಮೇಲೆ ಪ್ರತಿ ವರ್ಷ ಹಣ್ಣು ಕೀಳುವ ಕಾಲ ಬಂದಾಗ ಗೊತ್ತಿದ್ದ ರೈಟರುಗಳಿಗೆಲ್ಲ ಫೋನು ಮಾಡುತ್ತಿದ್ದೆ. ನಿಂಗಮ್ಮ ಅಂತ, ಜೊತೆಗೊಬ್ಬಳು ಮಗಳು. ಅವರಿಗೆ ನನ್ನ ಕಾಟ ಸಾಕಾಗಿತ್ತು. ಮೂರನೆಯ ವರ್ಷ ಒಬ್ಬರು ತಾವಾಗಿಯೇ ಫೋನು ಮಾಡಿ, "ನೀವ್ ಕೇಳ್ತಿದ್ದ ತಾಯಿ ಮಗಳು ಗೆಂಡೆಹಳ್ಳಿ ಕಡೆ ತೋಟಕ್ಕೆ ಬಂದವ್ರೆ ನೋಡಿ ಮೇಡಂ" ಎಂದರು. ಅಂದೇ ರಜೆ ಹಾಕಿ ಹೋದೆ. ಚೆಲುವಿ ನನ್ನ ಭುಜದೆತ್ತರಕ್ಕೆ ಬೆಳೆದಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದು ನಿಂತು "ನಮಸ್ತೆ ಟೀಚರ್" ಎಂದಳು, ಕ್ಲಾಸಿನಲ್ಲಿ ಎಲ್ಲರೂ ಸೇರಿ ಎಳೆದೆಳೆದು ಹೇಳುವ ಅದೇ ರಾಗದಲ್ಲಿ. ಕಣ್ಣು ತೋರಿಸೋಣವೆಂದು ನಿಂಗಮ್ಮನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ನಾನು ಹೇಳಿದ್ದನ್ನು ಅವಳು ಹಿಂದೆಯೂ ನಂಬಿದ್ದಳಲ್ಲ.

ಹಾಸನದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಇಷ್ಟು ದೊಡ್ಡ ನಂಬರು ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ನಮ್ಮಿಬ್ಬರನ್ನೂ ಬೈದರು. ವಾರದ ಮೇಲೆ ಕನ್ನಡಕ ತರಲು ಮೂವರೂ ಹೋದೆವು. ಅಂಗಡಿಯವನು ಅವಳ ಮೂಗಿನ ಮೇಲೆ ಅದನ್ನು ಕೂರಿಸಿ, ಹಿಡಿ ಸರಿಮಾಡಿ ಕಳಿಸಿದ. ಹೊರಗೆ ಬೆಂಚಿನ ಮೇಲೆ ಕೂತೆವು. ಚೆಲುವಿ ಮೊದಲು ನೋಡಿದ್ದು ತನ್ನ ಅಂಗೈಯನ್ನು.

"ಕೈಯಲ್ಲಿ ಇಷ್ಟೊಂದ್ ಗೆರೆ ಐತಾ ಟೀಚರ್?" ಎಂದಳು. ಆಮೇಲೆ ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡು, "ಅವ್ವ, ನಿನ್ ಮೂಗ್‌ಬೊಟ್ಟಲ್ಲಿ ಹೂವಿನ್ ಚಿತ್ರ ಐತೆ" ಎಂದಳು. ನಿಂಗಮ್ಮ ನಗುತ್ತಾ ಅಳುತ್ತಾ ಮೂಗು ಮುಟ್ಟಿಕೊಂಡಳು. ಹತ್ತು ಹನ್ನೆರಡು ವರ್ಷ ಆ ಹುಡುಗಿ ತಾಯಿಯ ಮುಖವನ್ನು ಹತ್ತಿರದಿಂದ ಸರಿಯಾಗಿ ಕಂಡಿರಲಿಲ್ಲ.

ನಾನು ಬ್ಯಾಗಿನಿಂದ ಪುಸ್ತಕ ತೆಗೆದೆ. ದೊಡ್ಡ ಅಕ್ಷರದ, ಒಂದನೇ ಕ್ಲಾಸಿನ ಪುಸ್ತಕ. ಮೊದಲ ಪುಟ ತೆರೆದು ಅವಳ ತೊಡೆಯ ಮೇಲಿಟ್ಟೆ. "ಈಗ ಕಾಣುತ್ತಾ ಚೆಲುವಿ?"

ಅವಳು ಬಗ್ಗಿ ನೋಡಿದಳು. "ಕಾಣ್ತವೆ ಟೀಚರ್. ಒಂದೂ ಓಡಾಡ್ತಿಲ್ಲ. ಸುಮ್ಕೆ ನಿಂತವೆ."

"ಹಾಗಾದ್ರೆ ಓದು ನೋಡೋಣ. ಗೆಂಡೆಹಳ್ಳಿ ಶಾಲೆ ಮೇಷ್ಟ್ರ ಹತ್ರ ಮಾತಾಡಿದೀನಿ. ಸೋಮವಾರದಿಂದಲೇ ಹೋಗ್ಬಹುದು."

ಚೆಲುವಿ ಪುಸ್ತಕವನ್ನು ನಿಧಾನವಾಗಿ ಮುಚ್ಚಿ, ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟಳು. "ಬ್ಯಾಡ ಟೀಚರ್. ಕಣ್ಣು ಸರಿ ಹೋಯ್ತು, ಅಕ್ಕಿ ಆರ್ಸಕ್ಕೆ ಅನ್ಕೂಲ. ಓದೋ ಜಾಗ ನನ್ ತಲೇಲೇ ಇಲ್ವಲ್ಲ."

"ಅದು ಸುಳ್ಳು ಚೆಲುವಿ. ನಾನು ತಪ್ಪು ಹೇಳ್ದೆ. ಪೂರ್ತಿ ಓದದೆ ಬಂದು ಹೇಳ್ಬಿಟ್ಟೆ. ನಿನ್ನ ತಲೇಲಿ ಎಲ್ಲಾ ಇದೆ ಕಣೇ" ಎಂದೆ. ದಾರಿಹೋಕರು ತಿರುಗಿ ನೋಡುವಷ್ಟು ನನ್ನ ದನಿ ಏರಿತ್ತು.

ಅವಳು ಆ ದೊಡ್ಡ ಗಾಜುಗಳ ಹಿಂದಿನಿಂದ ನನ್ನ ಮುಖವನ್ನೇ ನೋಡಿದಳು, ಮೊದಲ ಸಲ ಕಾಣುವವರ ಹಾಗೆ. ಆಮೇಲೆ ನನಗೇ ಸಮಾಧಾನ ಹೇಳುವಂತೆ ನನ್ನ ಕೈ ಮೇಲೆ ಕೈಯಿಟ್ಟಳು.

"ಅಳಬ್ಯಾಡಿ ಬುಡಿ ಟೀಚರ್. ಎಷ್ಟೋ ಸಲ ಬೈದ್ರಿ, ಅದ್ಯಾವ್ದೂ ನಾನು ನಿಜ ಅನ್ಕಳ್ಳಿಲ್ಲ. ನೀವು ಬಯ್ಯದೆ ಹೇಳಿದ್ದು ಅದೊಂದೇ ಮಾತು."